ಸತ್ತವನಿಗೆ ಕಲ್ಲು, ಗಾಯಗೊಂಡವನಿಗೆ ಏನು?

ಹೊನ್ನಾಳಿ, ಚನ್ನಗಿರಿಗಳ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಬಿ. ಎಲ್. ರೈಸ್ ಮಹಾಶಯರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟವನ್ನು ತಿರುವಿ ನೋಡಿದವರಿಗೆ ಈ ಮಾತು ವಿದಿತವೇ ಆಗಿದೆ. ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದವನಿಗೆ ಕಲ್ಲುಂಟು. ಒಡೆಯನ ಪಕ್ಷದಲ್ಲಿ ಕಾದಿ ಬಿದ್ದವನಿಗೆ ಕಲ್ಲುಂಟು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಣ ಪಟ್ಟಿಕೆಯಲ್ಲಿ ಶಿವಸನ್ನಿಧಿ. ಆದರೆ ಕಾಳಗಕ್ಕೂ ಸ್ವರ್ಗಕ್ಕೂ ನಡುವೆ, ಒಂದು ಕಾಲನ್ನೋ ಒಂದು ಕಣ್ಣನ್ನೋ ಕಳೆದುಕೊಂಡು ತನ್ನ ಮನೆಗೆ ಹಿಂದಿರುಗಿದವನಿಗೆ ಆ ಕಲ್ಲಿನಲ್ಲಿ ಪಟ್ಟಿಕೆಯೇ ಇಲ್ಲ. ಇದನ್ನು ಶಿಲ್ಪಿಯ ತಪ್ಪೆಂದು ಯಾರೂ ಹೇಳಲಾರರು. ಆದರೆ ಇಷ್ಟು ಶತಮಾನಗಳ ತರುವಾಯವೂ ವಿದ್ಯಾವಂತರ ಮನಸ್ಸಿನಲ್ಲಿ ಆ ಸ್ಥಳ ಬರಿದಾಗಿಯೇ ಉಳಿದಿರುವುದು ಕ್ಷಮಿಸತಕ್ಕ ತಪ್ಪಲ್ಲ.

ಹೆಸರಿನಲ್ಲಿಯೇ ಕೋವಿಯನ್ನು ಹೊತ್ತ ಗೋವಿನಕೋವಿಯಂತಹ ಒಂದು ಗ್ರಾಮವನ್ನು ತೆಗೆದುಕೊಳ್ಳಬಹುದು. ಆ ಹೆಸರಿನ ವ್ಯುತ್ಪತ್ತಿಯನ್ನು ಪಂಡಿತರು ನಿರ್ಣಯಿಸಲಿ. ಅಂತಹ ಊರಿಗೆ ಗಡಿಯ ಕಾಳಗದಲ್ಲಿ ಗಾಯಗೊಂಡ ಸಿಪಾಯಿಯೊಬ್ಬನು ಹಿಂದಿರುಗಿದನೆಂದು ವಾಚಕರು ಭಾವಿಸಲಿ. ಮೊದಲನೆಯ ದಿನ ಹಾರ, ಡೊಳ್ಳು, ಜಯಕಾರ, ಭಾಷಣ. ಮೊದಲನೆಯ ವಾರದಲ್ಲಿ ಜಗಲಿಯ ಮೇಲೆ ನೆರೆಹೊರೆಯವರ ಗುಂಪು: “ತಮ್ಮಾ, ನೀನು ಎಷ್ಟು ಮಂದಿಯನ್ನು ಹೊಡೆದೆ?” ಎಂಬ ಪ್ರಶ್ನೆ. ಅವನು ಉತ್ತರ ಕೊಡದೆ ಒಳಗೆ ಎದ್ದುಹೋಗುವನು. ಎರಡನೆಯ ತಿಂಗಳಲ್ಲಿ ನಡುರಾತ್ರಿ ಕಿರಿಚಿ ಏಳುವನು. ಜಾತ್ರೆಯಲ್ಲಿ ಗರ್ನಾಲು ಸಿಡಿದರೆ ಮಕ್ಕಳು ಕುಣಿಯುವರು, ಅವನು ನೆಲಕ್ಕೆ ಬೀಳುವನು. ಹೆಂಡತಿಯ ಮೇಲೆ ಕಾರಣವಿಲ್ಲದ ಸಿಟ್ಟು, ಮಕ್ಕಳೊಡನೆ ಮಾತಿಲ್ಲ, ಸಂಜೆಯಾದರೆ ಸೆರೆಯ ಅಂಗಡಿ. ಆಗ ಊರು ತೀರ್ಪು ಕೊಡುವುದು. ಒಬ್ಬರು “ಗಾಳಿ ಸೋಂಕಿದೆ” ಎನ್ನುವರು. ಇನ್ನೊಬ್ಬರು “ಪಿಂಚಣಿಯ ಸೊಕ್ಕು” ಎನ್ನುವರು. ಮೂರನೆಯವರು “ಕುಡುಕ” ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸುವರು. ಅವನು ಅಲ್ಲಿಯೇ ಮಡಿದಿದ್ದರೆ ಊರಿನ ವೃತ್ತಕ್ಕೆ ಅವನ ಹೆಸರು ಬರುತ್ತಿತ್ತು. ಬದುಕಿ ಬಂದದ್ದೇ ಅವನ ಅಪರಾಧವಾಯಿತು!

ಮಡಿದವರ ಗೌರವವನ್ನು ಕಡಮೆ ಮಾಡಬೇಕೆಂದು ಇದರ ಅರ್ಥವಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮರಾಶಿಯ ಕೆಳಗೆ ಆರು ದಿನ ಹೂತುಹೋಗಿದ್ದು ಜೀವಂತವಾಗಿ ದೊರೆತ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು 11ನೆಯ ತಾರೀಖು ದಿಲ್ಲಿಯ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟಾಗ ಕನ್ನಡ ನಾಡು ಒಂದೇ ಮನೆಯಂತೆ ಅತ್ತಿತು. ಆ ಕಣ್ಣೀರು ಸರ್ವಥಾ ಯುಕ್ತವಾದುದು. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಆ ಧೀರನು ದೈವಾನುಗ್ರಹದಿಂದ ಬದುಕಿ, ನಡೆಯಲಾರದ ದೇಹದೊಡನೆಯೋ ನಿದ್ರೆಯಿಲ್ಲದ ಮನಸ್ಸಿನೊಡನೆಯೋ ಊರಿಗೆ ಬಂದಿದ್ದರೆ, ಒಂದು ವರ್ಷದ ಬಳಿಕ ಆ ಬಾಗಿಲಿಗೆ ಎಷ್ಟು ಮಂದಿ ಬರುತ್ತಿದ್ದರು?

ಈ ಪ್ರಶ್ನೆ ಕೇವಲ ಕಾಲ್ಪನಿಕವಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದ ಭಾರತೀಯ ಯೋಧರು 527 ಮಂದಿ. ಗಾಯಗೊಂಡವರು 1,300ಕ್ಕೂ ಮೇಲ್ಪಟ್ಟು. ಅಂದರೆ ಮಡಿದ ಒಬ್ಬೊಬ್ಬನಿಗೆ ಇಬ್ಬರಿಗಿಂತ ಹೆಚ್ಚು ಗಾಯಾಳುಗಳು. ಪ್ರತಿವರ್ಷ ಜುಲೈ 26ರಂದು 527 ಎಂಬ ಅಂಕೆ ವೇದಿಕೆಗಳಲ್ಲಿ ಕೇಳಿಬರುತ್ತದೆ. ಎರಡನೆಯ ಅಂಕೆಯನ್ನು ಬಾಯಿಪಾಠವಾಗಿ ಬಲ್ಲ ಭಾಷಣಕಾರರು ಎಷ್ಟು ಮಂದಿ?

ಗಾಯವೆಂದರೆ ಏನೆಂಬುದನ್ನೂ ಇಲ್ಲಿ ಸ್ವಲ್ಪ ವಿಚಾರಿಸಬೇಕು. ಹೊಲಿಗೆ ಬಿಚ್ಚಿದೊಡನೆ ಗಾಯ ಮಾಯಿತೆಂದು ಜನ ತಿಳಿಯುವರು. ಕಾಲನ್ನು ಕತ್ತರಿಸಿ ತೆಗೆದ ಮೇಲೆ, ಇಲ್ಲದ ಆ ಪಾದದಲ್ಲಿಯೇ ಉರಿಯೂ ಸೆಳೆತವೂ ಆಗುತ್ತವೆಂದು ಗಾಯಾಳು ಹೇಳಿದರೆ ಮನೆಯವರು ನಗುವರು. ಇಲ್ಲವೆ ತಲೆ ಕೆಟ್ಟಿತೆಂದು ಅಳುವರು. ವೈದ್ಯರು ನಗುವುದಿಲ್ಲ. ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೇ 16ನೆಯ ಶತಮಾನದಲ್ಲಿಯೇ ಇದನ್ನು ಬರೆದಿಟ್ಟನು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ಶುಶ್ರೂಷಿಸಿದ ವೀರ್ ಮಿಚೆಲ್ ಎಂಬ ವೈದ್ಯನು 1871ರಲ್ಲಿ ಇದಕ್ಕೆ ‘ಮಾಯಾ ಅಂಗ’ವೆಂಬ ಅರ್ಥದ ಹೆಸರನ್ನು ಕೊಟ್ಟನು. ಕಾಲು ಹೋದರೂ ಮಿದುಳಿನಲ್ಲಿ ಕಾಲಿನ ಸ್ಥಾನ ಹೋಗಿರುವುದಿಲ್ಲ. ಇಲ್ಲದ ಕಾಲು ನೋಯಬಹುದಾದರೆ, ಮುಗಿದ ಯುದ್ಧ ಮನಸ್ಸಿನಲ್ಲಿ ನೋಯಬಾರದೇಕೆ? ಸಿಡಿಮದ್ದಿನ ಆಘಾತಕ್ಕೆ ಸಿಕ್ಕ ತಲೆಯಲ್ಲಿ ಹೊರಗೆ ಗೀರೂ ಕಾಣದಿರಬಹುದು. ಮರೆವು, ತಲೆನೋವು, ಮುಂಗೋಪಗಳು ಮಾತ್ರ ಬಹುಕಾಲ ಉಳಿಯಬಹುದು. ಗಾಯಗೊಂಡವರೆಲ್ಲರಿಗೂ ಮನೋವ್ಯಾಧಿ ಬಂದೇ ಬರುವುದೆಂದಲ್ಲ. ಬಹುಮಂದಿ ಕಾಲಕ್ರಮದಲ್ಲಿ ಚೇತರಿಸಿಕೊಳ್ಳುವರು. ಚೇತರಿಸಿಕೊಳ್ಳದವನು ಮಾತ್ರ ಅಪರಾಧಿಯಲ್ಲ, ರೋಗಿ.

ಇದಕ್ಕೆ ಪ್ರತಿಯಾಗಿ ಮೂರು ಆಕ್ಷೇಪಗಳು ಕೇಳಿಬರುವುದುಂಟು.

“ವೀರನಿಗೆ ಭಯವೆಲ್ಲಿಯದು? ಇದು ಹೇಡಿತನಕ್ಕೆ ಇಟ್ಟ ನಯವಾದ ಹೆಸರು” ಎಂಬುದು ಮೊದಲನೆಯದು. ಹಾಗೆಂದು ನಂಬಿದ ಬ್ರಿಟಿಷರು ಏನು ಮಾಡಿದರೆಂಬುದನ್ನು ನೋಡಬೇಕು. ಮೊದಲನೆಯ ಮಹಾಯುದ್ಧದ ಕಂದಕಗಳಿಂದ ನಡುಗುತ್ತ, ಮಾತು ನಿಂತು, ಕಣ್ಣು ಕಾಣದೆ ಬಂದ ಸಿಪಾಯಿಗಳನ್ನು ಕಂಡು 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು ವೈದ್ಯಪತ್ರಿಕೆಯಲ್ಲಿ ‘ಷೆಲ್ ಷಾಕ್’ ಎಂಬ ಹೆಸರಿನಿಂದ ಅವರ ವಿಷಯವನ್ನು ಬರೆದನು. ಗುಂಡಿನ ಸಿಡಿತವೇ ನರಗಳನ್ನು ಕೆಡಿಸುವುದೆಂದು ಮೊದಲು ಎಣಿಸಿದ್ದರು. ಸಿಡಿತದಿಂದ ದೂರವಿದ್ದವರಲ್ಲಿಯೂ ಅವೇ ಲಕ್ಷಣಗಳು ಕಂಡುಬಂದುವು. ಆದರೂ ಆ ಯುದ್ಧದಲ್ಲಿ ಪಲಾಯನ, ಹೇಡಿತನ ಮೊದಲಾದ ಅಪರಾಧಗಳಿಗಾಗಿ 306 ಮಂದಿ ಬ್ರಿಟಿಷ್ ಮತ್ತು ಸಾಮ್ರಾಜ್ಯದ ಸಿಪಾಯಿಗಳನ್ನು ಅವರದೇ ಸೈನ್ಯ ಗುಂಡಿಕ್ಕಿ ಕೊಂದಿತು. ಅವರಲ್ಲಿ ಎಷ್ಟೋ ಮಂದಿ ರೋಗಿಗಳಾಗಿದ್ದಿರಬೇಕೆಂದು ಕಾಲಾಂತರದಲ್ಲಿ ಒಪ್ಪಿ, 2006ರಲ್ಲಿ ಪಾರ್ಲಿಮೆಂಟು ಆ 306 ಮಂದಿಗೂ ಕ್ಷಮಾದಾನ ಮಾಡಿತು. ಅಷ್ಟರಲ್ಲಿ ಸುಮಾರು ತೊಂಬತ್ತು ವರ್ಷಗಳು ಕಳೆದಿದ್ದುವು. ಹೇಡಿಯೆಂದು ಬಾಯಿಗೆ ಬಂದಂತೆ ಆಡುವವರು ಈ ಲೆಕ್ಕವನ್ನು ನೆನೆಯುವುದು ಒಳ್ಳೆಯದು.

“ಇದು ಪಾಶ್ಚಾತ್ಯರು ಕಲ್ಪಿಸಿದ ಹೊಸ ರೋಗ, ಹರಕೆ ಹೊತ್ತು ತಾಯಿತ ಕಟ್ಟಿದರೆ ಸಾಕು” ಎಂಬುದು ಎರಡನೆಯ ಆಕ್ಷೇಪ. ಅಮೆರಿಕದ ಮನೋವೈದ್ಯರು ಇದಕ್ಕೆ ಪ್ರತ್ಯೇಕ ರೋಗನಾಮವನ್ನು ಕೊಟ್ಟದ್ದು 1980ರಲ್ಲಿ ಎಂಬುದು ದಿಟವೇ. ಆದರೆ ಹೆಸರು ಹೊಸದಾದ ಮಾತ್ರಕ್ಕೆ ನೋವು ಹೊಸದಾಗುವುದಿಲ್ಲ. ಭಯದಿಂದಲೂ ಶೋಕದಿಂದಲೂ ಅತಿಸಾರ ಹುಟ್ಟುವುದೆಂದು ಚರಕಸಂಹಿತೆ ಹೇಳುತ್ತದೆ. ದೇಹದ ರೋಗಕ್ಕೆ ಮನಸ್ಸೇ ಕಾರಣವಾಗಬಹುದೆಂಬುದನ್ನು ಪ್ರಾಚೀನರು ಬಲ್ಲರು. ಅದೇ ಗ್ರಂಥವು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸಿ, ಮಂತ್ರ ಹೋಮಾದಿಗಳ ದೈವವ್ಯಪಾಶ್ರಯ, ಔಷಧ ಪಥ್ಯಗಳ ಯುಕ್ತಿವ್ಯಪಾಶ್ರಯಗಳೊಡನೆ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯವೆಂಬ ಮೂರನೆಯದನ್ನೂ ಹೇಳುತ್ತದೆ. ಹರಕೆ ಬೇಡವೆಂದು ಯಾರೂ ಹೇಳುವುದಿಲ್ಲ. ಮೂರರಲ್ಲಿ ಒಂದನ್ನು ಹಿಡಿದು ಎರಡನ್ನು ಬಿಡುವುದು ಶಾಸ್ತ್ರನಿಷ್ಠೆಯಲ್ಲ, ಸೋಮಾರಿತನ. ಸುಶ್ರುತಸಂಹಿತೆಯ ಯುಕ್ತಸೇನೀಯಾಧ್ಯಾಯದಲ್ಲಿ ಸೇನೆಯ ಬೀಡಿನೊಳಗೆ ರಾಜನ ಬಿಡಾರಕ್ಕೆ ಹೊಂದಿಯೇ ವೈದ್ಯನ ಬಿಡಾರವಿರಬೇಕೆಂದು ವಿಧಿಸಿದೆ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಕೊಟ್ಟ ಕೌಟಿಲೀಯ ಅರ್ಥಶಾಸ್ತ್ರವು, ಶಸ್ತ್ರ ಔಷಧ ತೈಲ ವಸ್ತ್ರಗಳನ್ನು ಹಿಡಿದ ಚಿಕಿತ್ಸಕರೂ ಅನ್ನಪಾನಗಳನ್ನು ನೋಡಿಕೊಳ್ಳುವ ಸ್ತ್ರೀಯರೂ ಸೇನೆಯ ಹಿಂದೆ ನಿಂತಿರಬೇಕೆನ್ನುತ್ತದೆ. ಪ್ರಾಚೀನರ ಕಲ್ಲನ್ನು ಪೂಜಿಸುವವರು ಅವರ ಪುಸ್ತಕವನ್ನೂ ಓದಬೇಕಷ್ಟೆ.

ಮೂರನೆಯದು ವಿದ್ಯಾವಂತರಿಗೆ ಬಹು ಪ್ರಿಯವಾದ ಆಕ್ಷೇಪ: “ಸರ್ಕಾರದವರು ಪಿಂಚಣಿ ಕೊಡುತ್ತಾರೆ, ನಮಗೇನು?” ಸರ್ಕಾರ ಏನನ್ನೂ ಮಾಡಿಲ್ಲವೆನ್ನುವುದು ಅಸತ್ಯವಾದೀತು. ಅಂಗವಿಕಲರಾದ ಸೈನಿಕರಿಗೆ ಕಸಬು ಕಲಿಸುವುದಕ್ಕಾಗಿ 1917ರಲ್ಲಿ ಸ್ಥಾಪಿತವಾದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಪುಣೆಯ ಬಳಿಯ ಖಡ್ಕಿಯಲ್ಲಿದೆ. ಪುಣೆಯಲ್ಲಿಯೇ 1944ರಲ್ಲಿ ಕೃತಕ ಅಂಗಗಳ ಕೇಂದ್ರ ಆರಂಭವಾಯಿತು. ಆದರೆ ಪಿಂಚಣಿಯೂ ಸುಲಭವಾಗಿ ಕೈಗೆ ಬರುವುದೆಂದಲ್ಲ. ವೈಕಲ್ಯವು ಸೈನ್ಯಸೇವೆಯಿಂದ ಉಂಟಾಯಿತೆಂದೋ ಉಲ್ಬಣಿಸಿತೆಂದೋ ನಿರ್ಣಯವಾಗಬೇಕು. ಕತ್ತರಿಸಿದ ಕಾಲು ಎಲ್ಲರಿಗೂ ಕಾಣುತ್ತದೆ, ಒಡೆದ ನಿದ್ರೆ ಕಾಣುವುದಿಲ್ಲ. ಸೈನ್ಯಕ್ಕೆ ಸೇರುವಾಗ ರೋಗವಿದ್ದಿತೆಂದು ದಾಖಲೆಯಾಗಿಲ್ಲದಿದ್ದರೆ ಅದು ಸೇವೆಯಿಂದ ಬಂದುದೆಂದೇ ಭಾವಿಸತಕ್ಕದ್ದು, ಅಲ್ಲವೆಂದು ಸಾಧಿಸುವ ಭಾರ ಸಿಪಾಯಿಯ ಮೇಲಿಲ್ಲವೆಂದು ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 2013ರಲ್ಲಿ. ಅಲ್ಲಿಯವರೆಗೆ ಹೋಗುವ ಶಕ್ತಿ ಎಷ್ಟು ಬಡಕುಟುಂಬಗಳಿಗೆ ಉಂಟು? ಮೇಲಾಗಿ, ಪಿಂಚಣಿ ಅಕ್ಕಿಯನ್ನು ತಂದೀತು. ಜೊತೆಗೆ ಕುಳಿತು ಉಣ್ಣುವವರನ್ನು ತರಲಾರದು. ಸಭಾಪರ್ವದಲ್ಲಿ ನಾರದನು ಧರ್ಮರಾಯನನ್ನು ಕೇಳುವ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ನಿನಗಾಗಿ ಮಡಿದವರ, ನಿನಗಾಗಿ ಸಂಕಟಕ್ಕೆ ಬಿದ್ದವರ ಮಡದಿಯರನ್ನು ಪೋಷಿಸುತ್ತಿರುವೆಯಾ ಎಂಬುದೊಂದು. ಕುರುಡರನ್ನೂ ಕುಂಟರನ್ನೂ ಅಂಗಹೀನರನ್ನೂ ದಿಕ್ಕಿಲ್ಲದವರನ್ನೂ ತಂದೆಯಂತೆ ಕಾಯುತ್ತಿರುವೆಯಾ ಎಂಬುದು ಇನ್ನೊಂದು. ಪ್ರಜೆಗಳೇ ಪ್ರಭುಗಳಾದ ಕಾಲದಲ್ಲಿ ನಾರದನ ಪ್ರಶ್ನೆ ಒಂದೊಂದು ಮನೆಯ ಬಾಗಿಲಿಗೂ ಬಂದು ನಿಂತಿದೆ.

ಬದುಕಿದ ವೀರನನ್ನು ಗೌರವಿಸುವ ಪದ್ಧತಿ ಕನ್ನಡ ನಾಡಿಗೆ ಅಪರಿಚಿತವೂ ಅಲ್ಲ. ಮಡಿದವನ ಕುಟುಂಬಕ್ಕೆ ನೆತ್ತರುಗೊಡಗೆಯ ಭೂಮಿಯುಂಟಾದಂತೆ, ಕತ್ತಿಯನ್ನು ತೊಳೆದು ಕೊಡುವ ಬಾಳ್ಗಚ್ಚು ಎಂಬ ದತ್ತಿಯೂ ಉಂಟು. ಸುಮಾರು 949–50ರ ಆತಕೂರು ಶಾಸನದಲ್ಲಿ, ತಕ್ಕೋಲದ ಕಾಳಗದಲ್ಲಿ ಹೋರಾಡಿ ಬದುಕಿ ಬಂದ ಮಣಲೇರನಿಗೆ ಗಂಗರ ಬೂತುಗನು ಆತಕೂರನ್ನು ಬಾಳ್ಗಚ್ಚಾಗಿ ಕೊಟ್ಟನೆಂದಿದೆ. ಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ನಾಯಿಗಾಗಿ ನಿಂತ ಕಲ್ಲೂ ಅದೇ. ನಾಯಿಯ ಋಣವನ್ನು ಕೂಡ ಮರೆಯದ ನಾಡು ಮನುಷ್ಯನ ಋಣವನ್ನು ಮರೆಯಬಹುದೆ?

ಮಾಡತಕ್ಕದ್ದು ಕಠಿನವಾದುದೂ ಅಲ್ಲ. ಎಷ್ಟು ಮಂದಿಯನ್ನು ಕೊಂದೆಯೆಂದು ಕೇಳುವ ಚಪಲವನ್ನು ಬಿಡುವುದು ಮೊದಲನೆಯದು. ಅವನಾಗಿ ಹೇಳಿದಾಗ ನಡುವೆ ಬಾಯಿ ಹಾಕದೆ ಕೇಳುವುದು ಎರಡನೆಯದು. ಅರ್ಜಿ, ವೈದ್ಯಪತ್ರ, ಮೇಲ್ಮನವಿಗಳನ್ನು ಬರೆದುಕೊಡಲು ಪ್ರತಿ ಗ್ರಾಮದಲ್ಲಿಯೂ ಅಕ್ಷರಸ್ಥರಿದ್ದಾರೆ. ಆ ಅಕ್ಷರಕ್ಕೆ ಇದಕ್ಕಿಂತ ಉತ್ತಮ ವಿನಿಯೋಗವಿಲ್ಲ. ಹಳ್ಳಿಯವರಿಗೆ ಹತ್ತಿರದಲ್ಲಿಯೇ ಮನೋಚಿಕಿತ್ಸೆ ದೊರೆಯಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಎಂಬ ಉಚಿತ ಸಲಹೆಯ ಏರ್ಪಾಡೂ ಇದೆ. ಕುಡಿತವನ್ನು ಬೈಯುವ ಮೊದಲು ನಿದ್ರೆಯನ್ನು ವಿಚಾರಿಸಬೇಕು. ಮದ್ದಿಗೆ ಹೋದವನನ್ನು ಹುಚ್ಚನೆಂದು ಕರೆಯುವ ನಾಲಗೆಯನ್ನು ಮನೆಯ ಹಿರಿಯರೇ ತಡೆಯಬೇಕು. ಅವನಿಗೆ ದುಡಿಮೆಯೂ ಬೇಕು. 1965ರ ಯುದ್ಧದಲ್ಲಿ ಗುಂಡೇಟು ತಿಂದು ವಿಕಲಾಂಗರಾದ ಸಾಂಗ್ಲಿ ಸೀಮೆಯ ಮುರಳೀಕಾಂತ ಪೇಟ್ಕರರು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಿನಲ್ಲಿ ಈಜಿ ಭಾರತಕ್ಕೆ ಆ ಕ್ರೀಡೆಗಳ ಮೊದಲ ಚಿನ್ನದ ಪದಕವನ್ನು ತಂದರು. ಎಲ್ಲರೂ ಪದಕ ತರಬೇಕೆಂದಿಲ್ಲ. ಅಂಗಡಿಯ ಲೆಕ್ಕವನ್ನೋ ಸಹಕಾರ ಸಂಘದ ಕೆಲಸವನ್ನೋ ನಂಬಿ ಒಪ್ಪಿಸುವವರು ಇದ್ದರೆ ಸಾಕು.

ವೀರಗಲ್ಲಿಗೆ ಹೂವೇರಿಸುವುದು ಸುಲಭ; ಕಲ್ಲು ರಾತ್ರಿ ಕಿರಿಚುವುದಿಲ್ಲ, ಔಷಧ ಕೇಳುವುದಿಲ್ಲ, ಸಿಟ್ಟಾಗುವುದಿಲ್ಲ. ಬದುಕಿದವನ ಸೇವೆ ಕಷ್ಟವಾದುದು. ಋಣವೆಂಬ ಮಾತು ಸಲ್ಲುವುದೂ ಅಲ್ಲಿಯೇ. ಮುಂದಿನ ಆಗಸ್ಟ್ 15ರಂದು ಹಾರವನ್ನು ಹಿಡಿದು ಸ್ಮಾರಕದ ಕಡೆಗೆ ಹೊರಡುವವರು, ದಾರಿಯಲ್ಲಿ ಬಾಗಿಲು ಮುಚ್ಚಿಕೊಂಡಿರುವ ಒಂದು ಮನೆಯ ಮುಂದೆ ಅರೆಗಳಿಗೆ ನಿಂತು, ಒಳಗಿರುವವನನ್ನು ಹೆಸರು ಹಿಡಿದು ಕರೆಯಲಿ.