ಎಲ್ಲವನ್ನೂ ಚಾಲಕನ ತಲೆಗೆ ಕಟ್ಟಬೇಡಿ

ಹೊಸಪೇಟೆ–ಸಂಡೂರು ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲಲು ಲಾರಿ ಚಾಲಕರ ಅಶಿಸ್ತೊಂದೇ ಕಾರಣ, ಬಿಗಿಯಾಗಿ ದಂಡ ಹಾಕಿದರೆ ಸಾಕು ಎಂಬುದು ಇತ್ತೀಚೆಗೆ ಪ್ರಕಟವಾದ ಲೇಖನದ ವಾದ. ಅಡ್ಡಾದಿಡ್ಡಿ ಓವರ್‌ಟೇಕ್ ಮಾಡುವವರಿಗೆ ದಂಡ ಬೀಳಲಿ, ತಕರಾರಿಲ್ಲ. ಆದರೆ ಅದೊಂದೇ ಕಾರಣ ಎಂಬ ಮಾತು ನಿಲ್ಲುವುದಿಲ್ಲ.

2008ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ನೋಡಿ. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳು. ಸಿಗ್ನಲ್ ಇಲ್ಲ, ಅಡ್ಡಿ ಇಲ್ಲ, ಓವರ್‌ಟೇಕ್ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕೆಲವು ಕಾರುಗಳು ಪೂರಾ ನಿಂತವು. ಆ ನಿಲುಗಡೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯಿತು. ಯಾರೂ ನಿಯಮ ಮುರಿದಿರಲಿಲ್ಲ. ರಸ್ತೆ ಕಿಕ್ಕಿರಿದಾಗ ಮುಂದಿನವನು ವೇಗ ತಗ್ಗಿಸಿದರೆ ಹಿಂದಿನವನು ತುಸು ತಡವಾಗಿ, ತುಸು ಜೋರಾಗಿ ಬ್ರೇಕ್ ಒತ್ತುತ್ತಾನೆ. ಅವನ ಹಿಂದಿನವನು ಇನ್ನೂ ಜೋರಾಗಿ.

ಅಲ್ಲಿದ್ದದ್ದು ಖಾಲಿ ಕಾರು. ಇಲ್ಲಿರುವುದು ಅದಿರು ತುಂಬಿದ ಟಿಪ್ಪರ್. ಏರಿನಲ್ಲಿ ಒಮ್ಮೆ ನಿಂತರೆ ಮೊದಲ ಗೇರಿನಲ್ಲಿ ಹೊಗೆಯುಗುಳುತ್ತ ತೆವಳಬೇಕು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಅದಿರು ಲಾರಿಗಳ ಸಾಲು ಕರಗಿತು. ಚಾಲಕರು ರಾತ್ರೋರಾತ್ರಿ ಶಿಸ್ತು ಕಲಿತರೇ? ಇಲ್ಲ, ರಸ್ತೆಗಿಳಿಯುವ ಲಾರಿಗಳೇ ಕಡಿಮೆಯಾದವು.

ಗಣಿಯ ಗೇಟಿನಿಂದ ಲಾರಿಗಳನ್ನು ಗುಂಪಾಗಿ ಬಿಡದೆ ಅಂತರವಿಟ್ಟು ಬಿಡಿ, ಆದಷ್ಟು ಅದಿರನ್ನು ರೈಲಿಗೆ ಹಾಕಿ. ದಂಡದ ರಸೀತಿ ಆಮೇಲೆ ಹರಿಯಿರಿ.