ಸುಟ್ಟ ಫ್ಯೂಸು ಹೇಳಿದ ಮಾತು

ದೀಪಾವಳಿಗೆ ಊರಿಗೆ ಹೊರಡುವ ಗಡಿಬಿಡಿಯಲ್ಲಿಯೇ ನಮ್ಮ ವಾಚಕರು ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವರೆಂದು ಬಲ್ಲೆವು. ಮನೆಯೊಳಗೆ ಉಂಡಿ, ಚಕ್ಕುಲಿಗಳ ಡಬ್ಬಿಗಳು ತುಂಬುತ್ತಿರುತ್ತವೆ. ಹೊರಗೆ ಗಾಡಿಯ ಗಾಲಿಗೆ ಗಾಳಿ, ಎಂಜಿನ್ನಿಗೆ ಎಣ್ಣೆ ಎಲ್ಲವನ್ನೂ ನೋಡಿಕೊಂಡಿರುತ್ತೀರಿ. ಹಿಂದಿನ ದೀಪವನ್ನು ಮಾತ್ರ ಯಾರೂ ನೋಡುವುದಿಲ್ಲ. ಗಾಡಿ ನಡೆಸುವವನ ಬೆನ್ನಿಗೆ ಕಣ್ಣಿಲ್ಲವಷ್ಟೆ! ಈ ಸಲದ ನಮ್ಮ ಮಾತು ಆ ದೀಪವನ್ನು ಕುರಿತದ್ದು. ಇದನ್ನು ನಮಗೆ ಕಲಿಸಿದ ಗುರು ಹೆದರಿಕೆ.

ಕೆಲವು ವರ್ಷಗಳ ಹಿಂದೆ ಇಂಥದೇ ಹಬ್ಬಕ್ಕೆ ನಾವು ಪುಣೆಯಿಂದ ಧಾರವಾಡಕ್ಕೆ ನಮ್ಮ ಹಳೆಯ ಕಾರಿನಲ್ಲಿ ಹೊರಟಿದ್ದೆವು. ಖಂಬಾಟಕಿ ಘಾಟವನ್ನು ಏರಿ ಇಳಿದು ಸಾತಾರೆಯನ್ನು ದಾಟುವಷ್ಟರಲ್ಲಿ ಕತ್ತಲಾಯಿತು. ಪೆಟ್ರೋಲು ಹಾಕಿಸಲು ನಿಂತಾಗ ಲಾರಿಯ ಚಾಲಕನೊಬ್ಬನು ಹತ್ತಿರ ಬಂದು, "ಸಾಹೇಬರೇ, ನಿಮ್ಮ ಹಿಂದೆ ದೀಪವೇ ಇಲ್ಲ, ಸ್ವಲ್ಪದರಲ್ಲಿ ಏರಿಸಿಬಿಡುತ್ತಿದ್ದೆ" ಎಂದನು. ಆಗ ನೆನಪಾಯಿತು: ಎದುರಿನ ಮೀಟರಿನ ಬೆಳಕೂ ಆರಿ ಬಹಳ ಹೊತ್ತಾಗಿತ್ತು. ಅನೇಕ ಗಾಡಿಗಳಲ್ಲಿ ಹಿಂದಿನ ದೀಪಕ್ಕೂ ಮೀಟರಿನ ದೀಪಕ್ಕೂ ಒಂದೇ ಫ್ಯೂಸು. ಆ ಸುಳಿವನ್ನು ನಾವು ಗಮನಿಸಿಯೇ ಇರಲಿಲ್ಲ.

ಹೊಸ ಫ್ಯೂಸು ಹಾಕಿದೆವು; ಸ್ವಿಚ್ಚು ಒತ್ತಿದೊಡನೆ ಅದೂ ಸುಟ್ಟಿತು. ಹಾದಿಬದಿಯ ರಿಪೇರಿಯವನೊಬ್ಬನು ಡಿಕ್ಕಿ ತೆರೆದು, ಬಲ್ಬುಗಳನ್ನು ತಟ್ಟಿ ನೋಡಿ, ಸುಟ್ಟ ಫ್ಯೂಸಿಗೆ ಸಿಗರೇಟು ಪೊಟ್ಟಣದ ಬೇಗಡೆಯನ್ನು ಸುತ್ತಿ ಸಿಕ್ಕಿಸಿದನು. ದೀಪ ಹತ್ತಿತು! ಅವನನ್ನು ಹೊಗಳಿ, ಡಿಕ್ಕಿ ಮುಚ್ಚಿ ಹೊರಟೆವು. ಸ್ವಲ್ಪ ದೂರ ಹೋಗುವುದರೊಳಗೆ ನಮ್ಮ ಮನೆಯವರು, "ಏನೋ ಸುಟ್ಟ ವಾಸನೆ" ಎಂದರು. ಹೊಲದ್ದಿರಬೇಕೆಂದು ನಾವು ತಳ್ಳಿಹಾಕಿದೆವು. ಅವರು ಬಿಡಲಿಲ್ಲ. ಗಾಡಿ ನಿಲ್ಲಿಸಿ ದೀಪ ಆರಿಸಿ, ಮಕ್ಕಳನ್ನು ದೂರ ನಿಲ್ಲಿಸಿ ಡಿಕ್ಕಿ ತೆರೆದರೆ ಒಳಗೆ ಹೊಗೆ. ತಂತಿಯ ಮೇಲಿನ ಪ್ಲಾಸ್ಟಿಕ್ಕು ಕರಗಿ ತೊಟ್ಟಿಕ್ಕುತ್ತಿತ್ತು. ಅದರಿಂದ ಗೇಣುದ್ದದ ದೂರದಲ್ಲಿ ಬಟ್ಟೆಯ ಗಂಟಿನ ಮೇಲೆ ಮಕ್ಕಳ ಪಟಾಕಿಯ ಪೆಟ್ಟಿಗೆ ಕುಳಿತಿತ್ತು.

ಆ ರಾತ್ರಿ ಬೇಗಡೆಯ ಫ್ಯೂಸನ್ನು ಕಿತ್ತೊಗೆದು, ಬೇರೆ ಫ್ಯೂಸಿನ ಮೇಲಿದ್ದ ಅಪಾಯಸೂಚಕ ದೀಪಗಳನ್ನು ಮಿಟುಕಿಸುತ್ತ, ಅಂಚು ಹಿಡಿದು ಕರಾಡದವರೆಗೆ ತೆವಳಿ ಅಲ್ಲಿಯೇ ತಂಗಿದೆವು. ಮರುದಿನ ಬೆಳಿಗ್ಗೆ ವಯಸ್ಸಾದ ಎಲೆಕ್ಟ್ರಿಶಿಯನ್ ಒಬ್ಬರು ಅರ್ಧ ಗಂಟೆಯಲ್ಲಿ ದೋಷವನ್ನು ಹಿಡಿದುಕೊಟ್ಟರು. ಅವರು ಮಾಡಿದ್ದನ್ನೇ ಇಲ್ಲಿ ಬರೆಯುತ್ತೇವೆ.

ಮೊದಲು ವಿಷಯವನ್ನು ತಿಳಿಯೋಣ. ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಸು, ಸ್ವಿಚ್ಚು, ತಂತಿಗಳ ಮೂಲಕ ಬಲ್ಬಿಗೆ ಹೋಗುತ್ತದೆ. ಅದು ಮರಳುವ ದಾರಿ ಗಾಡಿಯ ಲೋಹದ ಮೈಯೇ. ನಮ್ಮ ಗಾಡಿಯಲ್ಲಿ ಹಿಂದೆ ಎರಡು, ಮುಂದೆ ಎರಡು, ನಂಬರು ಫಲಕಕ್ಕೆ ಒಂದು, ಹೀಗೆ 5 ವ್ಯಾಟಿನ ಐದು ಬಲ್ಬುಗಳು. 12 ವೋಲ್ಟಿನಲ್ಲಿ ಅವಕ್ಕೆಲ್ಲ ಸೇರಿ 2 ಆಂಪಿಯರು ಸಾಕು. ಅದಕ್ಕೆ 10 ಆಂಪಿಯರಿನ ಕೆಂಪು ಫ್ಯೂಸು ಕಾವಲು. ತಂತಿಯ ಹೊದಿಕೆ ಸವೆದು ತಾಮ್ರವು ಗಾಡಿಯ ಮೈಗೆ ತಾಗಿತೆನ್ನಿ. ಆಗ ಬಲ್ಬಿನ ತಡೆಯಿಲ್ಲದೆ ವಿದ್ಯುತ್ತು ಅಡ್ಡದಾರಿ ಹಿಡಿದು ನುಗ್ಗುತ್ತದೆ. ಇದೇ ಶಾರ್ಟು. ತಂತಿ ಕಾಯುವ ಮೊದಲೇ ತಾನು ಸುಟ್ಟು ದಾರಿ ಕಡಿಯುವುದು ಫ್ಯೂಸಿನ ಧರ್ಮ. ಅದಕ್ಕೆ ಬೇಗಡೆ ಸುತ್ತಿದರೆ ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಿಟ್ಟಂತೆ. ಹೆಚ್ಚು ಆಂಪಿಯರಿನ ಫ್ಯೂಸು ಹಾಕುವುದೂ ಅದೇ ತಪ್ಪು.

ಆ ಹಿರಿಯರು ಮೊದಲು ಕೇಳಿದ ಪ್ರಶ್ನೆ: "ಯಾವಾಗ ಸುಡುತ್ತದೆ?" ಬ್ರೇಕು ತುಳಿದಾಗ ಸುಟ್ಟರೆ ಬ್ರೇಕಿನ ದೀಪದ ತಂತಿ, ರಿವರ್ಸಿಗೆ ಹಾಕಿದಾಗ ಸುಟ್ಟರೆ ಆ ದೀಪದ ತಂತಿ. ಮಳೆಯಲ್ಲಿ ಮಾತ್ರವಾದರೆ ನೀರು ಹೊಕ್ಕ ದೀಪದ ಗೂಡನ್ನು ನೋಡಬೇಕು. ಹೀಗೆ ಕೇಳಿದರೇ ಅರ್ಧ ಹುಡುಕಾಟ ಮುಗಿಯುತ್ತದೆ.

ಆಮೇಲೆ ಅವರು ಆ ಸಾಲಿನ ಬಲ್ಬುಗಳನ್ನೆಲ್ಲ ಕಳಚಿದರು. ಫ್ಯೂಸಿನ ಜಾಗದಲ್ಲಿ, ಎರಡು ತಂತಿ ಬೆಸೆದ 21 ವ್ಯಾಟಿನ ಬಲ್ಬೊಂದನ್ನು ಸಿಕ್ಕಿಸಿ ದೀಪದ ಸ್ವಿಚ್ಚು ಹಾಕಿದರು. ಬಲ್ಬು ಪ್ರಖರವಾಗಿ ಉರಿಯಿತು. "ನೋಡಿ, ಇದೇ ನಿಮ್ಮ ಕಳ್ಳ. ಈಗ ಎಷ್ಟು ಓಡಿದರೂ 2 ಆಂಪಿಯರಿನೊಳಗೇ ಓಡಬೇಕು, ಏನೂ ಸುಡುವುದಿಲ್ಲ, ಫ್ಯೂಸೂ ಖರ್ಚಾಗುವುದಿಲ್ಲ" ಎಂದರು. ಹಿಂಭಾಗಕ್ಕೆ ಹೋಗುವ ತಂತಿಗಳ ಕೂಡುಕೊಂಡಿಯನ್ನು ಬಿಡಿಸಿದರು, ಬಲ್ಬು ಮಂಕಾಯಿತು. ದೋಷ ಹಿಂದೆಯೇ ಇದೆಯೆಂದಾಯಿತು. ಮೀಟರಿನ ಸಣ್ಣ ದೀಪಗಳು ಉಳಿದಿದ್ದರೆ ಬಲ್ಬು ಪೂರಾ ಆರದೆ ಮಿಣುಕಬಹುದು. ಪ್ರಕಾಶ ಕುಗ್ಗಿತೆಂದರೆ ಸಾಕು. ಕೊಂಡಿಯನ್ನು ಮತ್ತೆ ಸೇರಿಸಿ, ತಂತಿಯ ಕಟ್ಟನ್ನು ಅಲುಗಿಸುತ್ತ ಬಂದರು. ಡಿಕ್ಕಿಯ ಮುಚ್ಚಳ ಎತ್ತಿದರೆ ಬಲ್ಬು ಮಂಕು, ಇಳಿಸಿದರೆ ಪ್ರಖರ! ಕೀಲಿನ ಬಳಿ ಉಗುರಿನಷ್ಟು ತಾಮ್ರ ಬೆತ್ತಲಾಗಿತ್ತು. ಹಿಂದಿನ ದಿನದವನು ಮುಚ್ಚಳ ತೆರೆದಿಟ್ಟು ನೋಡಿದ್ದರಿಂದ ದೀಪ ಹತ್ತಿತ್ತು. ನಾವು ಮುಚ್ಚಿದ್ದರಿಂದ ಹೊಗೆ ಎದ್ದಿತ್ತು.

ಹುಡುಕಬೇಕಾದ ಜಾಗಗಳು ಹೆಚ್ಚೇನಿಲ್ಲ. ಬಾಗಿಲು, ಡಿಕ್ಕಿಗಳ ಕೀಲು. ರಬ್ಬರಿನ ಉಂಗುರ ಬಿದ್ದುಹೋದ ತಗಡಿನ ತೂತು. ಸೈಲೆನ್ಸರಿನ ಸಮೀಪದ ತಂತಿ. ಇಲಿ ಕಡಿದ ಕಟ್ಟು. ಮತ್ತು ಮುಖ್ಯವಾಗಿ, ಅಲಂಕಾರಕ್ಕೆಂದು ನಾವೇ ಮೇಲಿಂದ ಹಾಕಿಸಿದ ದೀಪ, ಹಾರನ್ನುಗಳ ಜೋಡಣೆ. ಮೀಟರು ಹಿಡಿದು ತಂತಿಯ ತಡೆಯನ್ನು ಅಳೆಯುವವರು ಮೊದಲು ಬ್ಯಾಟರಿಯನ್ನು ಬೇರ್ಪಡಿಸಿ ಬಲ್ಬುಗಳನ್ನೂ ತೆಗೆಯಬೇಕು. ತಣ್ಣಗಿರುವ ಬಲ್ಬಿನ ತಡೆ ಬಹಳ ಕಡಿಮೆಯಾದ್ದರಿಂದ ಸರಿಯಾದ ದೀಪವೂ ಶಾರ್ಟಿನಂತೆ ತೋರಿ ಮೋಸಮಾಡುತ್ತದೆ.

ಸಿಕ್ಕ ಮೇಲೆ ಬರಿಯ ಟೇಪು ಸುತ್ತಿ ಕೈತೊಳೆದುಕೊಳ್ಳಬಾರದು. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಸುಟ್ಟ ತುಂಡನ್ನು ಕತ್ತರಿಸಿ ಅಷ್ಟೇ ದಪ್ಪದ ತಂತಿಯನ್ನು ಬೆಸೆದು, ಮೇಲೆ ತೋಳು ತೊಡಿಸಿ, ಉಜ್ಜದಂತೆ ಕಟ್ಟಬೇಕು. ಕಡೆಗೆ ಪುಸ್ತಕದಲ್ಲಿ ಹೇಳಿದಷ್ಟೇ ಆಂಪಿಯರಿನ ಫ್ಯೂಸು.

ಇಷ್ಟೆಲ್ಲ ಸಾದಾ ಬಲ್ಬಿನ ಹಳೆಯ ಗಾಡಿಗಳ ಮಾತು. ಇಂದಿನ ಅನೇಕ ಗಾಡಿಗಳಲ್ಲಿ ದೀಪಗಳನ್ನು ಆಳುವುದು ಗಣಕಯಂತ್ರ. ಅಲ್ಲಿ ಇಂಥ ಬಲ್ಬನ್ನು ಚುಚ್ಚಿದರೆ ದುಬಾರಿ ಪೆಟ್ಟಿಗೆಯೇ ಕೆಟ್ಟೀತು. ಏರ್‌ಬ್ಯಾಗಿನ ಹಳದಿ ತಂತಿಗೂ, ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗೂ ಕೈಹಾಕಲೇಬಾರದು. ಬಲ್ಲವರಿಗೆ ಒಪ್ಪಿಸಿರಿ, ಆದರೆ ಏಕೆ ಸುಟ್ಟಿತೆಂದು ಕೇಳದೆ ಗಾಡಿಯನ್ನು ಮರಳಿ ಪಡೆಯಬೇಡಿರಿ.

ಹೊರಡುವ ಮುನ್ನಾದಿನ ಸಂಜೆ ಗಾಡಿಯ ಬೆನ್ನನ್ನು ಗೋಡೆಗೆ ಮಾಡಿ ನಿಲ್ಲಿಸಿ ದೀಪ ಹಾಕಿರಿ, ಬ್ರೇಕು ತುಳಿಯಿರಿ. ಗೋಡೆಯ ಮೇಲೆ ಎರಡು ಕಡೆಯೂ ಕೆಂಪು ಬೆಳಕು ಬಿದ್ದರೆ ಸರಿ. ದಾರಿಗೆ ಎರಡು ಸರಿಯಾದ ಫ್ಯೂಸುಗಳನ್ನು ಇಟ್ಟುಕೊಳ್ಳಿರಿ. ಎರಡನೆಯದೂ ಸುಟ್ಟರೆ ಮೂರನೆಯದನ್ನು ಹುಡುಕದೆ ಕಾರಣವನ್ನು ಹುಡುಕಿರಿ. ಮತ್ತು ಪಕ್ಕದಲ್ಲಿ ಕುಳಿತವರು "ಏನೋ ವಾಸನೆ" ಎಂದರೆ, ದಯಮಾಡಿ, ಮೊದಲು ಗಾಡಿ ನಿಲ್ಲಿಸಿರಿ.

ಪಟಾಕಿಯನ್ನು ನಾವು ಈಗ ಊರಿಗೆ ಹೋಗಿಯೇ ಕೊಳ್ಳುತ್ತೇವೆ.