ಮುದ್ರೆಗೆ ಎಷ್ಟು ರೊಕ್ಕ ಕೊಡಬೇಕು?

ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕ ನಮ್ಮ ಕಡೆಯ ಹುಡುಗರಿಗೆ ಮೊದಲ ಸಂಬಳಗಳಲ್ಲಿ ಮನೆಗೆ ಏನಾದರೊಂದು ತರಬೇಕೆಂಬ ಆಸೆ ಇರುತ್ತದೆ. ಮೊಬೈಲ್ ಬಂತು, ಬೈಕ್ ಬಂತು, ಈಗ ದೊಡ್ಡ ಟಿ.ವಿ. ಅದರ ಬೆನ್ನಿಗೇ ಹೋಮ್ ಥಿಯೇಟರ್. ಕಂತಿನ ಮೇಲೆ ಸಿಗುವುದರಿಂದ ಬೆಲೆ ದೊಡ್ಡದಾಗಿ ಕಾಣುವುದಿಲ್ಲ, ಕಂತು ಮಾತ್ರ ಕಾಣುತ್ತದೆ. ಬಿ.ಇ. ಓದುವ ಹುಡುಗ ಮನೆಯಲ್ಲಿದ್ದರೆ ಇಂಥ ಖರೀದಿಗೆ ಮೊದಲು ಅವನನ್ನೇ ಕೇಳುತ್ತಾರೆ. ನಮ್ಮ ದೊಡ್ಡಪ್ಪನ ಮಗ ಕೇಳಿದ್ದು ಹೀಗೆ: ‘ತಮ್ಮಾ, ಎರಡೂ ಹಾಡೇ ಹಾಡ್ತಾವ. ಒಂದರ ಮ್ಯಾಲ ಸರ್ಟಿಫೈಡ್ ಅಂತ ಬರದಾರ, ಅದಕ್ಕ ಡಬಲ್ ರೊಕ್ಕ. ಕೊಡಬೇಕೇನು?’

ಪ್ರಶ್ನೆ ಸಣ್ಣದಲ್ಲ. ಒಂದು ಸಾಧಾರಣ 5.1 ರಿಸೀವರ್‌ಗೂ ಸರ್ಟಿಫೈಡ್ ಮಾದರಿಗೂ ನಡುವಿನ ಅಂತರ ಹಲವು ತಿಂಗಳ ಸಂಬಳವಾಗಬಹುದು. ನನ್ನ ಅಭಿಪ್ರಾಯ ಇಷ್ಟು: ಸುರಕ್ಷತೆಯ ಮುದ್ರೆಯ ವಿಷಯದಲ್ಲಿ ಚೌಕಾಸಿ ಮಾಡಬಾರದು. ಸದ್ದಿನ ಗುಣಮಟ್ಟದ ಮುದ್ರೆಗೆ ನಮ್ಮಂಥ ಮನೆಗಳಲ್ಲಿ ಹೆಚ್ಚಿನ ಹಣ ಕೊಡಬೇಕಿಲ್ಲ. ಈ ಎರಡು ಮುದ್ರೆಗಳನ್ನು ಬೇರೆ ಬೇರೆಯಾಗಿ ನೋಡುವುದನ್ನು ನಾವು ಕಲಿಯಬೇಕು.

ಹೋಮ್ ಥಿಯೇಟರ್‌ನಲ್ಲಿ ರಿಸೀವರ್ ಎಂದರೆ ಟಿ.ವಿ., ಸೆಟ್‌ಟಾಪ್ ಬಾಕ್ಸ್ ಅಥವಾ ಫೋನಿನಿಂದ ಬರುವ ಸದ್ದನ್ನು ಬಿಡಿಸಿ, ಯಾವ ಭಾಗ ಯಾವ ಸ್ಪೀಕರ್‌ಗೆ ಹೋಗಬೇಕೆಂದು ಹಂಚಿ, ಬಲ ತುಂಬಿ ಕಳಿಸುವ ಪೆಟ್ಟಿಗೆ. ಅದರ ಮುಖದ ಮೇಲೆ ನಾಲ್ಕಾರು ಗುರುತುಗಳಿರುತ್ತವೆ. ಎಲ್ಲವನ್ನೂ ‘ಸರ್ಟಿಫಿಕೇಟ್’ ಎಂದು ಅಂಗಡಿಯವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಡಾಲ್ಬಿ, ಡಿಟಿಎಸ್ ಎಂಬ ಗುರುತುಗಳಿದ್ದರೆ ಆ ಪೆಟ್ಟಿಗೆಗೆ ಆ ಮಾದರಿಯ ಸದ್ದನ್ನು ಬಿಡಿಸಲು ಬರುತ್ತದೆ, ಅದಕ್ಕೆ ಪರವಾನಗಿ ಇದೆ ಎಂದರ್ಥ. ಒಳಗಿನ ಆಂಪ್ಲಿಫೈಯರ್ ಎಷ್ಟು ಗಟ್ಟಿ ಎಂಬುದನ್ನು ಅವು ಹೇಳುವುದಿಲ್ಲ. ಅದನ್ನು ಹೇಳುವ ಹೆಸರಾಂತ ಮುದ್ರೆ ಟಿಎಚ್‌ಎಕ್ಸ್.

ಟಿಎಚ್‌ಎಕ್ಸ್ ಹುಟ್ಟಿದ್ದು ಸಿನಿಮಾ ಮಂದಿರಗಳಿಗಾಗಿ. 1983ರಲ್ಲಿ ‘ರಿಟರ್ನ್ ಆಫ್ ದ ಜೇಡೈ’ ತೆರೆಗೆ ಬಂದಾಗ, ಸ್ಟುಡಿಯೊದಲ್ಲಿ ಕೇಳಿದ ಸದ್ದೇ ಎಲ್ಲ ಊರಿನ ಥಿಯೇಟರ್‌ಗಳಲ್ಲೂ ಕೇಳಬೇಕೆಂದು ಜಾರ್ಜ್ ಲ್ಯೂಕಸ್ ಅವರ ಲ್ಯೂಕಸ್‌ಫಿಲ್ಮ್ ಸಂಸ್ಥೆ ಬಯಸಿತು. ಅಲ್ಲಿನ ತಂತ್ರಜ್ಞ ಟಾಮ್ಲಿನ್ಸನ್ ಹಾಲ್ಮನ್ ಅದಕ್ಕೆ ಅಳತೆಗಳನ್ನು ರೂಪಿಸಿದರು. ಮುಂದೆ ಇದು ಮನೆಯ ಉಪಕರಣಗಳಿಗೂ ಬಂತು. 2016ರಲ್ಲಿ ಗೇಮಿಂಗ್ ಉಪಕರಣ ತಯಾರಿಸುವ ರೇಜರ್ ಕಂಪನಿ ಟಿಎಚ್‌ಎಕ್ಸ್ ಅನ್ನು ಕೊಂಡುಕೊಂಡಿತು. ಸರ್ಕಾರಿ ಸಂಸ್ಥೆಯಲ್ಲ, ಖಾಸಗಿ ಕಂಪನಿ. ತಯಾರಕರು ಹಣ ಕಟ್ಟಿ ಪರೀಕ್ಷೆ ಮಾಡಿಸಿ ಮುದ್ರೆ ಪಡೆಯುತ್ತಾರೆ. ಆ ಖರ್ಚು ಕೊನೆಗೆ ಬರುವುದು ಗಿರಾಕಿಯ ಬಿಲ್ಲಿಗೆ.

ಹಾಗೆಂದು ಅದು ಬರೀ ದುಡ್ಡಿನ ಆಟ ಎನ್ನುವುದು ತಪ್ಪು. ಪರೀಕ್ಷೆ ನಿಜವಾಗಿಯೂ ಕಠಿಣ. ಜೋರು ಸದ್ದಿನಲ್ಲೂ ಸ್ವರ ಒಡೆಯಬಾರದು, ಗದ್ದಲ ಸೇರಬಾರದು. ಇದರ ಗುರಿ ‘ರೆಫರೆನ್ಸ್’ ಮಟ್ಟ. ಅಂದರೆ ಕೂತ ಜಾಗದಲ್ಲಿ ಪ್ರತಿ ಮುಖ್ಯ ಸ್ಪೀಕರ್‌ನಿಂದ ಗರಿಷ್ಠ 105 ಡೆಸಿಬೆಲ್ ಸದ್ದು ತಲುಪಬೇಕು. ಕೋಣೆಯ ಗಾತ್ರಕ್ಕೆ ತಕ್ಕಂತೆ ದರ್ಜೆಗಳೂ ಇವೆ. ‘ಸೆಲೆಕ್ಟ್’ ದರ್ಜೆ ಸುಮಾರು 2,000 ಘನ ಅಡಿಯ ಕೋಣೆಗೆ, ‘ಅಲ್ಟ್ರಾ’ ಸುಮಾರು 3,000 ಘನ ಅಡಿಗೆ.

ಈಗ ನಮ್ಮ ಮನೆ ಅಳೆಯೋಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಪಡಸಾಲೆ ಎಂದರೆ 1,200 ಘನ ಅಡಿ. ಸೆಲೆಕ್ಟ್ ದರ್ಜೆಯ ಕೋಣೆಗಿಂತಲೂ ಬಹಳ ಚಿಕ್ಕದು. ಸಾಮಾನ್ಯ ಸ್ಪೀಕರ್ ಒಂದಕ್ಕೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಬರುತ್ತದೆ ಎಂದುಕೊಳ್ಳಿ. 3 ಮೀಟರ್ ದೂರ ಕೂತರೆ ಸುಮಾರು 78.5ಕ್ಕೆ ಇಳಿಯುತ್ತದೆ. ಗೋಡೆಗಳಿಂದ ತಿರುಗಿ ಬರುವ ಸದ್ದು ಸ್ವಲ್ಪ ಸೇರುತ್ತದೆ, ಅದನ್ನು ಬಿಡೋಣ. 105 ಡೆಸಿಬೆಲ್ ಬೇಕಾದರೆ ಸುಮಾರು 450 ವ್ಯಾಟ್ ಬೇಕು. ಆದರೆ ಪಕ್ಕದ ಕೋಣೆಯಲ್ಲಿ ತಂಗಿ ಓದುತ್ತಿರುವ, ಗೋಡೆಗೆ ಗೋಡೆ ಅಂಟಿದ ಮನೆಗಳ ಓಣಿಯಲ್ಲಿ ಯಾರು ಅಷ್ಟು ಜೋರಾಗಿ ಹಚ್ಚುತ್ತಾರೆ? ಅದಕ್ಕಿಂತ 10 ಡೆಸಿಬೆಲ್ ಕಡಿಮೆ ಇಟ್ಟರೆ 45 ವ್ಯಾಟ್ ಸಾಕು. 20 ಡೆಸಿಬೆಲ್ ಕಡಿಮೆ ಇಟ್ಟರೆ, ಮನೆಮಂದಿಯೆಲ್ಲ ಕೂತು ನೋಡುವುದು ಹೆಚ್ಚಾಗಿ ಈ ಮಟ್ಟದಲ್ಲೇ, 5 ವ್ಯಾಟ್ ಕೂಡ ಬೇಡ! ಅದೂ ಸಿನಿಮಾದ ಅತಿ ಜೋರಿನ ಕ್ಷಣಕ್ಕೆ.

ಇನ್ನೊಂದು ಲೆಕ್ಕವನ್ನೂ ನೋಡಿ. 100 ವ್ಯಾಟ್‌ನ ರಿಸೀವರ್ ಬಿಟ್ಟು 140 ವ್ಯಾಟ್‌ನದು ತಂದರೆ ಸದ್ದು ಹೆಚ್ಚುವುದು ಬರೀ ಒಂದೂವರೆ ಡೆಸಿಬೆಲ್. ಸದ್ದು ಎರಡರಷ್ಟು ಜೋರು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಟಿಎಚ್‌ಎಕ್ಸ್ ಪರೀಕ್ಷೆ ಸಾಬೀತು ಮಾಡುವುದು ಬಹುಮಟ್ಟಿಗೆ ಈ ಜೋರಿನ ತುದಿಯಲ್ಲಿನ ತಾಕತ್ತನ್ನು. ನಾವು ಆ ತುದಿಗೆ ಹೋಗುವುದೇ ಇಲ್ಲವಾದರೆ ಆ ಸಾಬೀತಿಗೆ ಕೊಟ್ಟ ಹಣ ಕಪಾಟಿನಲ್ಲಿ ಇಟ್ಟಂತೆ.

ಇದಕ್ಕೆ ಒಂದು ಬಲವಾದ ಆಕ್ಷೇಪ ಇದೆ, ಅದನ್ನು ತಳ್ಳಿಹಾಕಬಾರದು. ಬೆಂಗಳೂರು, ಹೈದರಾಬಾದಿನವರು ಡೆಮೊ ರೂಮಿಗೆ ಹೋಗಿ ಎರಡನ್ನೂ ಕೇಳಿ ನೋಡಿ ಕೊಳ್ಳಬಹುದು. ಸೈದಾಪುರದಲ್ಲೋ ಕಡೇಚೂರಿನಲ್ಲೋ ಇರುವವನು ಫೋಟೊ ನೋಡಿ ಕೊಳ್ಳಬೇಕು. ಕಿವಿಯಿಂದ ಪರೀಕ್ಷಿಸಲಾಗದವನಿಗೆ ಬೇರೆಯವರು ಪರೀಕ್ಷಿಸಿದ್ದಾರೆ ಎಂಬ ಮುದ್ರೆಯೇ ಆಧಾರವಲ್ಲವೆ? ಚಿನ್ನ ಕೊಳ್ಳುವಾಗ ಅವ್ವ ಹಾಲ್‌ಮಾರ್ಕ್ ನೋಡುವುದು ಇದೇ ಕಾರಣಕ್ಕೆ. ಕ್ಯಾರೆಟ್ ಎಷ್ಟೆಂದು ಕಣ್ಣಿಗೆ ತಿಳಿಯುವುದಿಲ್ಲ.

ಮಾತು ಸರಿ. ಆದರೆ ಚಿನ್ನಕ್ಕೂ ರಿಸೀವರ್‌ಗೂ ಒಂದು ವ್ಯತ್ಯಾಸವಿದೆ. ಹಾಲ್‌ಮಾರ್ಕ್ ಇಲ್ಲದ ಒಡವೆಯ ಬಗ್ಗೆ ಅನುಮಾನ ಪಡಲೇಬೇಕು. ಟಿಎಚ್‌ಎಕ್ಸ್ ಇಲ್ಲದ ರಿಸೀವರ್ ಹಾಗಲ್ಲ. ಬಹಳಷ್ಟು ಒಳ್ಳೆಯ ಮಾದರಿಗಳು ಆ ಪರೀಕ್ಷೆಗೆ ಕೂತೇ ಇರುವುದಿಲ್ಲ. ಪರೀಕ್ಷೆಗೆ ಕೂರದವನನ್ನು ಫೇಲಾದವನು ಎನ್ನಲಾಗದು. ಅಲ್ಲದೆ ದುಬಾರಿ ಮಾದರಿಯ ಬೆಲೆಯಲ್ಲಿ ಮುದ್ರೆಯೊಂದೇ ಇರುವುದಿಲ್ಲ. ಹೆಚ್ಚು ಚಾನೆಲ್, ದೊಡ್ಡ ಟ್ರಾನ್ಸ್‌ಫಾರ್ಮರ್, ಕೋಣೆಗೆ ತಕ್ಕಂತೆ ಸದ್ದು ತಿದ್ದುವ ತಂತ್ರಾಂಶ ಎಲ್ಲವೂ ಸೇರಿರುತ್ತವೆ. ಅವು ಬೇಕಿದ್ದವರು ಅವುಗಳಿಗಾಗಿ ಹಣ ಕೊಡಲಿ.

ಕೇಳಿ ನೋಡಲಾಗದವನಿಗೆ ಮುದ್ರೆಗಿಂತ ಅಗ್ಗದ ಆಧಾರ ಇನ್ನೊಂದಿದೆ: ವಿವರಪಟ್ಟಿಯ ಒಂದು ಸಾಲು. ಅಮೆರಿಕದಲ್ಲಿ ಆಂಪ್ಲಿಫೈಯರ್ ಜಾಹೀರಾತುಗಳ ಸುಳ್ಳು ವ್ಯಾಟ್ ಹಾವಳಿ ಹೆಚ್ಚಾದಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದಿತು. ಶಕ್ತಿಯನ್ನು ಯಾವ ಸ್ಥಿತಿಯಲ್ಲಿ ಅಳೆದಿರಿ ಎಂದು ಹೇಳಲೇಬೇಕು. ಹೆಸರಾಂತ ಕಂಪನಿಗಳ ಪಟ್ಟಿಯಲ್ಲಿ ಇಂದಿಗೂ ಅಂಥ ಸಾಲು ಸಿಗುತ್ತದೆ: ‘8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, 0.08% ಟಿಎಚ್‌ಡಿ, ಎರಡು ಚಾನೆಲ್ ನಡೆಸಿದಾಗ’. ಅದೇ ಸಾಲು ‘6 ಓಮ್, 1 ಕಿಲೋಹರ್ಟ್ಜ್, 10% ಟಿಎಚ್‌ಡಿ’ ಎಂದಿದ್ದರೆ ಅಂಕಿ ಎಷ್ಟೇ ದೊಡ್ಡದಿದ್ದರೂ ನಂಬಬೇಡಿ. ಟಿಎಚ್‌ಡಿ ಎಂದರೆ ಸ್ವರಕ್ಕೆ ಸೇರುವ ಕಲಬೆರಕೆ. ನೂರಕ್ಕೆ ಹತ್ತು ಕಲಬೆರಕೆಯಾದ ಹಾಲನ್ನು ಯಾರೂ ಕೊಳ್ಳುವುದಿಲ್ಲ.

ನಮ್ಮ ಪೇಟೆಗಳಲ್ಲಿ ಇನ್ನೂ ಹೆಚ್ಚು ಮೋಸ ಮಾಡುವ ಅಕ್ಷರಗಳು ಪಿಎಂಪಿಒ. ‘5,000 ವ್ಯಾಟ್ ಪಿಎಂಪಿಒ’ ಎಂದು ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿರುತ್ತದೆ. ಈ ಅಳತೆಗೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ಓದಿ. ‘230 ವೋಲ್ಟ್, 50 ಹರ್ಟ್ಜ್, 60 ವ್ಯಾಟ್’ ಎಂದಿದ್ದರೆ ಗೋಡೆಯಿಂದ ಒಳಗೆ ಹೋಗುವುದೇ 60 ವ್ಯಾಟ್, ಹೊರಗೆ 5,000 ಎಲ್ಲಿಂದ ಬರುತ್ತದೆ? ಸ್ಥಳೀಯವಾಗಿ ಜೋಡಿಸಿ ಮಾರುವ ಸೆಟ್‌ಗಳಿಗೂ ಇದೇ ಲೆಕ್ಕ. ಒಳಗೆ 12-0-12, 5 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಇದ್ದರೆ 24ನ್ನು 5ರಿಂದ ಗುಣಿಸಿ, 120. ಶಾಖವಾಗಿ ಕಳೆದುಹೋಗುವುದನ್ನು ತೆಗೆದರೆ ಎಲ್ಲ ಸ್ಪೀಕರ್‌ಗಳಿಗೂ ಸೇರಿ ಸುಮಾರು ಅರವತ್ತು-ಎಪ್ಪತ್ತು ವ್ಯಾಟ್ ತಲುಪಬಹುದು. ಚಿಕ್ಕ ಕೋಣೆಗೆ ಅದು ಸಾಕು ಕೂಡ. ಆದರೆ ಅಷ್ಟಕ್ಕೆ ತಕ್ಕ ಬೆಲೆಯನ್ನೇ ಕೊಡಬೇಕು.

ಇನ್ನು ಚೌಕಾಸಿ ಮಾಡಬಾರದ ಮುದ್ರೆಗೆ ಬರೋಣ. ಸದ್ದು ಸ್ವಲ್ಪ ಒಡೆದರೆ ಕಿವಿಗೆ ಕಿರಿಕಿರಿ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅಥವಾ ಲೋಹದ ಮೈಗೆ ಕರೆಂಟ್ ಬಂದರೆ ಜೀವಕ್ಕೇ ಕುತ್ತು. ನಮ್ಮ ದೇಶದಲ್ಲಿ 2012ರ ಆದೇಶದ ಮೂಲಕ ಹಲವು ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಬಿಐಎಸ್ ಕಡ್ಡಾಯ ನೋಂದಣಿ ಬಂತು. ಮುಂದೆ ಪವರ್ ಅಡಾಪ್ಟರ್, ಬ್ಲೂಟೂತ್ ಸ್ಪೀಕರ್‌ಗಳೂ ಪಟ್ಟಿಗೆ ಸೇರಿದವು. ನೋಂದಣಿಯಾದ ಸಾಮಾನಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದ್ದು, ಯಾವ ಸಾಮಾನಿಗೆ ಎಂಬುದು ಅಂಗಡಿಯಲ್ಲಿ ನಿಂತೇ ತಿಳಿಯುತ್ತದೆ. ಇದಕ್ಕೆ ಖರ್ಚಿಲ್ಲ, ಎರಡು ನಿಮಿಷ ಸಾಕು. ನಮ್ಮಲ್ಲಿ ಇದಕ್ಕೆ ಹೆಚ್ಚು ಮಹತ್ವ ಇದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಏರಿಳಿಯುವ ವೋಲ್ಟೇಜ್, ಎಷ್ಟೋ ಮನೆಗಳಲ್ಲಿ ಸರಿಯಾದ ಅರ್ಥಿಂಗ್ ಇಲ್ಲ. ಇಂಥ ಕಡೆ ಅಗ್ಗದ ಅಡಾಪ್ಟರ್‌ನಲ್ಲಿ ಉಳಿಸಿದ ಇನ್ನೂರು ರೂಪಾಯಿ ಉಳಿತಾಯವಲ್ಲ.

ಹಾಗಾದರೆ ಟಿಎಚ್‌ಎಕ್ಸ್‌ಗೆ ಕೊಡದೆ ಉಳಿಸಿದ ಹಣ ಎಲ್ಲಿಗೆ? ಮೊದಲು ಸ್ಪೀಕರ್‌ಗೆ. ಎರಡು ರಿಸೀವರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಎರಡು ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ಕಿವಿಗೆ ಬೇಗ ತಿಳಿಯುತ್ತದೆ. ನಂತರ ಕೋಣೆಗೆ. ನಮ್ಮ ಭಾಗದ ಮನೆಗಳಲ್ಲಿ ನೆಲಕ್ಕೆ ಶಹಾಬಾದಿ ಪರಸಿ, ಸುತ್ತ ಬರಿಗೋಡೆ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಸದ್ದು ಗುಂಯ್ ಎಂದು ಸುತ್ತುತ್ತದೆ. ಆ ಗುಂಯ್ ಸಿನಿಮಾದ ಮಾತುಗಳ ಮೇಲೆಯೂ ಕೂರುತ್ತದೆ, ರಿಸೀವರ್ ಎಷ್ಟೇ ದುಬಾರಿಯಾದರೂ. ಹತ್ತಿ ಬೆಳೆಯುವವರಿಗೆ ಇದರ ಪರಿಹಾರ ಹೇಳಿಕೊಡಬೇಕಿಲ್ಲ. ಹತ್ತಿ ಒಟ್ಟಿದ ಕೋಣೆಯಲ್ಲಿ ಮಾತು ಮೆತ್ತಗೆ ಕೇಳುತ್ತದೆ, ಹತ್ತಿ ಮಾರಿದ ಮೇಲೆ ಅದೇ ಕೋಣೆ ಗುಂಯ್ಗುಡುತ್ತದೆ. ನೆಲಕ್ಕೆ ದಪ್ಪ ಜಮಖಾನ, ಎದುರು ಗೋಡೆಗೆ ಅಜ್ಜಿ ಹೊಲಿದ ಕೌದಿ, ಮೂಲೆಗೆ ಮಡಿಚಿದ ಹತ್ತಿ ಗಾದಿ ಇಟ್ಟರೆ ಮಾತು ಸ್ಪಷ್ಟವಾಗುತ್ತದೆ. ಮಂದ್ರದ ಗುಡುಗನ್ನು ಬಟ್ಟೆ ಹೀರುವುದಿಲ್ಲ, ಅದಕ್ಕೆ ಸಬ್‌ವೂಫರ್ ಅನ್ನು ಮೂಲೆಯಿಂದ ಸರಿಸಿ ಜಾಗ ಬದಲಿಸಿ ನೋಡಬೇಕು. ಟಿಎಚ್‌ಎಕ್ಸ್‌ನ ಒಂದು ಒಳ್ಳೆಯ ಪಾಠವನ್ನೂ ಪುಕ್ಕಟೆಯಾಗಿ ತೆಗೆದುಕೊಳ್ಳಬಹುದು. 80 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರ್‌ಗೆ ಬಿಡುವುದು ಅವರ ಕ್ರಮ. ಇಂದು ಬಹುತೇಕ ಎಲ್ಲ ರಿಸೀವರ್‌ಗಳ ಮೆನುವಿನಲ್ಲಿ ಅದು ಇದೆ.

ಕೆಲಸ ಹುಡುಕುವ ನಮ್ಮ ಓರಗೆಯವರಿಗೆ ಈ ಲೆಕ್ಕ ಬೇರೆ ಕಡೆಯೂ ಬೇಕಾಗುತ್ತದೆ. ಕಾಲೇಜಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವೂ ‘ಸರ್ಟಿಫಿಕೇಷನ್ ಕೋರ್ಸ್’ ಜಾಹೀರಾತುಗಳು. ಎರಡು ದಿನದ ವೆಬಿನಾರ್‌ಗೂ ಬಂಗಾರದ ಅಂಚಿನ ಪ್ರಮಾಣಪತ್ರ. ಅಲ್ಲೂ ಕೇಳಬೇಕಾದವು ಅವೇ ಪ್ರಶ್ನೆಗಳು: ಯಾರು ಪರೀಕ್ಷಿಸಿದರು, ಏನನ್ನು ಪರೀಕ್ಷಿಸಿದರು, ನನಗೆ ಬೇಕಾದದ್ದು ಅದೇನಾ? ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ. ಪ್ರಮಾಣಪತ್ರ ಬೇಕಿದ್ದವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಪರೀಕ್ಷೆ ಬರೆಯಬೇಕು. ಕಲಿಕೆಗೆ ಎಷ್ಟು, ಮುದ್ರೆಗೆ ಎಷ್ಟು ಎಂಬುದು ಅಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ಹೀಗೆ ಬಿಡಿಸಿ ತೋರಿಸದವರ ಬಳಿ ನಾವೇ ಬಿಡಿಸಿ ಕೇಳಬೇಕು.

ದೊಡ್ಡ ಹಾಲ್ ಇದ್ದವರು, ರೆಫರೆನ್ಸ್ ಮಟ್ಟದಲ್ಲೇ ಕೇಳುವ ಹುಚ್ಚಿರುವವರು, ಸಾಲವಿಲ್ಲದೆ ಕೊಳ್ಳಬಲ್ಲವರು ಟಿಎಚ್‌ಎಕ್ಸ್ ರಿಸೀವರ್ ಕೊಳ್ಳಲಿ, ಅದು ಅವರಿಗೆ ದಂಡವಲ್ಲ. 1,200 ಘನ ಅಡಿಯ ಪಡಸಾಲೆಗೆ ಕಂತು ಕಟ್ಟಿ ತರುವವರು ಮಾತ್ರ ಅಂಗಡಿಗೆ ಹೋಗುವ ಮುನ್ನ ಅಳತೆ ಪಟ್ಟಿ ಹಿಡಿದು ಕೋಣೆ ಅಳೆಯಲಿ. ಅಂಗಡಿಯಲ್ಲಿ ಮೊದಲು ಆರ್ ಸಂಖ್ಯೆ, ಆಮೇಲೆ ಓಮ್ ಮತ್ತು ಟಿಎಚ್‌ಡಿ ಇರುವ ಸಾಲು, ಆಮೇಲೆ ಸರ್ವಿಸ್ ಸೆಂಟರ್ ಯಾದಗಿರಿಯಲ್ಲೋ, ಕಲಬುರಗಿಯಲ್ಲೋ, ರಾಯಚೂರಿನಲ್ಲೋ ಎಂದು ಕೇಳಲಿ. ಕೆಟ್ಟಾಗ ಇಪ್ಪತ್ತು ಕಿಲೋ ತೂಕದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತೊಯ್ಯಬೇಕಾದವರು ನಾವೇ ತಾನೆ.